ರಿಪೋರ್ಟ್‌ನಲ್ಲಿ ಬದನೆಕಾಯಿ, ಬಕಲ್‌ನಲ್ಲಿ ನಿಕ್ಕಲ್

ನನ್ನ ಹೊಕ್ಕುಳಿನ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಜಾಗ ಎಂಟು ತಿಂಗಳು ತುರಿಸಿತು. ಮೊದಲು ಬೆವರುಸಾಲೆ ಅಂದುಕೊಂಡೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ. ಹಚ್ಚುವಷ್ಟು ದಿನ ಸುಮ್ಮನಿರುತ್ತಿತ್ತು, ಬಿಟ್ಟ ವಾರಕ್ಕೆ ಮತ್ತೆ ಅದೇ ನವೆ. ಕೊನೆಗೆ ಜಾಹೀರಾತು ನೋಡಿ ಒಂದು ಲ್ಯಾಬಿನಲ್ಲಿ ‘ಅಲರ್ಜಿ ಪ್ಯಾಕೇಜ್’ ಮಾಡಿಸಿದೆ. ಒಂದು ಸಲ ರಕ್ತ ಕೊಟ್ಟರೆ ನೂರಕ್ಕೂ ಜಾಸ್ತಿ ಪದಾರ್ಥಗಳ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಬಣ್ಣ. ನನಗೆ ಕೆಂಪು ಬಿದ್ದದ್ದು ಬದನೆಕಾಯಿ, ಹಾಲು, ಗೋಧಿ ಮತ್ತು ಕಡಲೆಕಾಯಿಗೆ.

ಅಮ್ಮನಿಗೆ ಗೆದ್ದ ಖುಷಿ. "ಬದನೆಕಾಯಿ ನಂಜು ಅಂತ ನಾನು ಹೇಳ್ಲಿಲ್ವಾ? ಈಗ ಲ್ಯಾಬ್‌ನವರೇ ಹೇಳಿದ್ರು ನೋಡು." ಮೂರು ತಿಂಗಳು ಎಣ್ಣೆಗಾಯಿ ಇಲ್ಲ, ಮೊಸರಿಲ್ಲ, ಚಪಾತಿ ಇಲ್ಲ. ತೂಕ ಇಳಿಯಿತು. ತುರಿಕೆ ಇಳಿಯಲಿಲ್ಲ.

ಚರ್ಮದ ಡಾಕ್ಟರು ಆ ರಿಪೋರ್ಟನ್ನು ಬಿಡಿಸಿಯೂ ನೋಡಲಿಲ್ಲ. ಶರ್ಟ್ ಎತ್ತಿಸಿದರು, ಟಾರ್ಚ್ ಹಿಡಿದರು. "ದಿನಾ ಇದೇ ಬೆಲ್ಟ್ ಹಾಕ್ತೀರಾ?" ಅಂದರು. ಡ್ರಾಯರಿನಿಂದ ಎರಡು ಪುಟ್ಟ ಸೀಸೆ ತೆಗೆದು ಹತ್ತಿಕಡ್ಡಿಯ ಮೇಲೆ ಎರಡರಿಂದಲೂ ಒಂದೊಂದು ತೊಟ್ಟು ಬಿಟ್ಟರು. ಒಂದರಲ್ಲಿ ಡೈಮೀಥೈಲ್‌ಗ್ಲೈಆಕ್ಸಿಮ್, ಇನ್ನೊಂದರಲ್ಲಿ ಅಮೋನಿಯ. ಆ ಕಡ್ಡಿಯಿಂದ ಬೆಲ್ಟಿನ ಬಕಲನ್ನು ಅರ್ಧ ನಿಮಿಷ ಉಜ್ಜಿದರು. ಬಿಳಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. "ನಿಕ್ಕಲ್ ಬಿಡ್ತಾ ಇದೆ" ಅಂದರು. ಜೀನ್ಸ್ ಗುಂಡಿಯನ್ನೂ ಉಜ್ಜಿದರು. ಅದೂ ಗುಲಾಬಿ.

ಅಷ್ಟು ದುಡ್ಡು ಕೊಟ್ಟ ರಕ್ತಪರೀಕ್ಷೆಗೆ ಇದು ಯಾಕೆ ಸಿಗಲಿಲ್ಲ? ಯಂತ್ರ ಕೆಟ್ಟಿರಲಿಲ್ಲ, ನನ್ನ ರಕ್ತ ಅದಲುಬದಲಾಗಿರಲಿಲ್ಲ. ಆ ಟೆಸ್ಟ್ ಹುಡುಕಿದ್ದೇ ಬೇರೆ ಏನನ್ನೋ. ಚರ್ಮದ ಕಾಯಿಲೆಗಳಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ.

ನಿಮಿಷದ ಅಲರ್ಜಿ, ದಿನದ ಅಲರ್ಜಿ

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದ್ದು ವಿಯೆನ್ನಾದ ಮಕ್ಕಳ ಡಾಕ್ಟರ್ ಕ್ಲೆಮೆನ್ಸ್ ಫಾನ್ ಪಿರ್ಕೆ. ನಾವಂತೂ ಈಗ ಅದನ್ನು ಎಲ್ಲದಕ್ಕೂ ಬಳಸುತ್ತೇವೆ. ಧೂಳಿಗೆ ಸೀನು ಬಂದರೆ ಅಲರ್ಜಿ, ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೆ ಅಲರ್ಜಿ, ಆಗದವರ ಮುಖ ನೋಡಿದರೂ ಅಲರ್ಜಿ. ಆದರೆ ಒಳಗೆ ನಡೆಯುವ ಕೆಲಸ ಒಂದೇ ಅಲ್ಲ.

ಕಡಲೆಕಾಯಿ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿಕೊಳ್ಳುವುದು ಒಂದು ಬಗೆ. ಇದರ ಹಿಂದೆ ಇರುವುದು ಐಜಿಇ ಎಂಬ ಪ್ರತಿಕಾಯ. ಇದನ್ನು ಕಂಡುಹಿಡಿದದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್, ಬೇರೆ ಬೇರೆ ದಾರಿಯಲ್ಲಿ ಹುಡುಕುತ್ತಾ ಒಂದೇ ವಸ್ತುವಿಗೆ ಬಂದು ಮುಟ್ಟಿದ್ದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಗಟ್ಟಿಯಾಯಿತು. ಈ ಐಜಿಇ ಚರ್ಮದಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತಿರುತ್ತದೆ. ತನಗಾಗದ ಪದಾರ್ಥ ಬಂದು ತಗುಲಿದ ಕೂಡಲೇ ಕೋಶ ಒಳಗಿಟ್ಟುಕೊಂಡಿದ್ದ ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ತುರಿಕೆ, ದದ್ದು, ಊತ, ಕೆಲವರಿಗೆ ಉಸಿರುಕಟ್ಟುವುದು. ಎಲ್ಲವೂ ಸಾಮಾನ್ಯವಾಗಿ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ.

ನನ್ನದು ಇನ್ನೊಂದು ಬಗೆ. ಇಲ್ಲಿ ಕೆಲಸ ಮಾಡುವುದು ಪ್ರತಿಕಾಯವಲ್ಲ, ಟಿ-ಕೋಶ ಎಂಬ ಬಿಳಿ ರಕ್ತಕಣ. ಬೆವರಿನಲ್ಲಿ ಕರಗಿದ ನಿಕ್ಕಲ್ ಚರ್ಮದೊಳಗೆ ಇಳಿಯುತ್ತದೆ. ಅದನ್ನು ಗುರುತಿಟ್ಟುಕೊಂಡ ಟಿ-ಕೋಶಗಳು ನಿಧಾನವಾಗಿ ಅಲ್ಲಿಗೆ ಬಂದು ಸೇರುತ್ತವೆ. ಇದಕ್ಕೆ ಒಂದರಿಂದ ಮೂರು ದಿನ ಬೇಕು. ಆದ್ದರಿಂದಲೇ ಇದು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಭಾನುವಾರ ಹಚ್ಚಿದ ಹೇರ್ ಡೈಗೆ ಮಂಗಳವಾರ ಕಣ್ಣು ಊದುತ್ತದೆ. ತಪ್ಪು ಮಾತ್ರ ಸೋಮವಾರ ತಿಂದ ಸೀಗಡಿ ಮೇಲೆ ಬೀಳುತ್ತದೆ.

ರಕ್ತದಲ್ಲಿ ಐಜಿಇ ಎಷ್ಟೇ ಹುಡುಕಿದರೂ ಈ ಎರಡನೆಯ ಬಗೆ ಕಾಣಿಸದು. ಕಳ್ಳ ಹಿತ್ತಲಿನಲ್ಲಿದ್ದರೆ ಮುಂಬಾಗಿಲಲ್ಲಿ ಕಾವಲು ಕೂತ ಹಾಗೆ.

ಪಾಸಿಟಿವ್ ಬಂದರೆ ಕಾಯಿಲೆ ಇದೆ ಅಂತ ಅಲ್ಲ

ಈ ಮಾತು ಕೇಳಿದರೆ ಜನಕ್ಕೆ ಕೋಪ ಬರುತ್ತದೆ. ದುಡ್ಡು ಕೊಟ್ಟು ಮಾಡಿಸಿದ ಟೆಸ್ಟ್ ಅಲ್ವಾ? ಆದರೆ ನಮ್ಮ ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ಯೂರೋಪ್ರೆವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾಗವಾಗಿ ಇಲ್ಲಿನ 20ರಿಂದ 54 ವರ್ಷದವರ ಆಹಾರ ಅಲರ್ಜಿಯನ್ನು ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಒಂದಲ್ಲ ಒಂದು ಆಹಾರಕ್ಕೆ ಐಜಿಇ ಇದ್ದವರು ಶೇ. 26.5. ಅಂದರೆ ನಾಲ್ವರಲ್ಲಿ ಒಬ್ಬರು. ಆ ಆಹಾರ ತಿಂದರೆ ಲಕ್ಷಣವೂ ಕಂಡು, ಪರೀಕ್ಷೆಯೂ ಹೊಂದಿಕೆಯಾಗಿ, ಅಲರ್ಜಿ ಇರಬಹುದು ಎನ್ನುವಂತಿದ್ದವರು ಶೇ. 1.2 ಮಾತ್ರ.

ನಡುವೆ ಇರುವ ಅಷ್ಟೂ ಜನ ಏನು? ಅವರ ದೇಹಕ್ಕೆ ಆ ಪದಾರ್ಥದ ಪರಿಚಯ ಇದೆ, ಜಗಳ ಇಲ್ಲ. ಇದನ್ನು ಡಾಕ್ಟರುಗಳು ಸೆನ್ಸಿಟೈಸೇಶನ್ ಅನ್ನುತ್ತಾರೆ. ಅವರೆಲ್ಲರೂ ರಿಪೋರ್ಟ್ ನೋಡಿ ಊಟ ಬಿಟ್ಟರೆ ಏನಾಗಬಹುದು ಅಂತ ಯೋಚಿಸಿ. ಮಕ್ಕಳ ವಿಷಯದಲ್ಲಂತೂ ಇದು ತಮಾಷೆಯಲ್ಲ. ಇಸುಬು ಇರುವ ಮಗುವಿಗೆ ಯಾರೋ ಹೇಳಿದರೆಂದು ಹಾಲು, ಮೊಟ್ಟೆ, ಗೋಧಿ ಎಲ್ಲ ನಿಲ್ಲಿಸಿ, ಇಸುಬಿನ ಜೊತೆಗೆ ಅಪೌಷ್ಟಿಕತೆಯನ್ನೂ ತಂದುಕೊಳ್ಳುವುದು ಆಗುತ್ತದೆ.

ಬದನೆಕಾಯಿಯ ಮಾತು ಬಂತಲ್ಲ, ಅದರ ಮೇಲೂ ಮೈಸೂರಿನಲ್ಲಿ ಅಧ್ಯಯನ ಆಗಿದೆ. 2008ರಲ್ಲಿ ಪ್ರಕಟವಾದ ಅದರಲ್ಲಿ 741 ಜನರನ್ನು ಮಾತಾಡಿಸಿದ್ದರು. ಬದನೆ ತಿಂದರೆ ಏನಾದರೂ ಆಗುತ್ತದೆ ಎಂದವರು ಹೆಚ್ಚುಕಡಿಮೆ ಶೇ. 10. ತಿಂದ ಎರಡು ಗಂಟೆಯೊಳಗೆ ಲಕ್ಷಣ ಕಂಡವರು ಶೇ. 1.4. ಬದನೆಯಲ್ಲೇ ಸ್ವಲ್ಪ ಹಿಸ್ಟಮಿನ್ ಇರುತ್ತದೆ. ಹಾಗಾಗಿ ಬಾಯಿ ತುರಿಸುವುದಕ್ಕೆ ಅಲರ್ಜಿಯೇ ಬೇಕು ಅಂತಿಲ್ಲ. ಅಮ್ಮ ಹೇಳುವ ‘ನಂಜು’ ಪೂರ್ತಿ ಸುಳ್ಳಲ್ಲ, ಆದರೆ ಅದು ಐಜಿಇ ಅಲರ್ಜಿಯ ಇನ್ನೊಂದು ಹೆಸರೂ ಅಲ್ಲ.

ನನ್ನ ರಿಪೋರ್ಟಿಗೆ ಬರುತ್ತೇನೆ. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಅಳೆದದ್ದು ಐಜಿಜಿ ಅಂತ ಬರೆದಿತ್ತು. ಐಜಿಇ ಕೂಡ ಅಲ್ಲ! ಐಜಿಜಿ ಎನ್ನುವುದು ನಾವು ತಿಂದುಂಡ ಪದಾರ್ಥಗಳಿಗೆ ದೇಹ ಮಾಮೂಲಾಗಿ ತಯಾರಿಸುವ ಪ್ರತಿಕಾಯ. ದಿನಾ ಮೊಸರನ್ನ ತಿನ್ನುವವನಿಗೆ ಹಾಲಿನ ಐಜಿಜಿ ಇರುವುದು ಸಹಜ. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಆಹಾರ ಅಲರ್ಜಿ ಪತ್ತೆಗೆ ಈ ಟೆಸ್ಟ್ ಬೇಡ ಎಂದು ಹೇಳಿಬಿಟ್ಟಿವೆ. ಆದರೂ ಮಾರಾಟ ನಡೆದಿದೆ. ಬಣ್ಣಬಣ್ಣದ ಪಟ್ಟಿಗೆ ಇರುವ ಆಕರ್ಷಣೆ ಡಾಕ್ಟರು ಕೇಳುವ ಹತ್ತು ಪ್ರಶ್ನೆಗೆ ಇಲ್ಲವಲ್ಲ.

ಹಾಗಂತ ಐಜಿಇ ಪರೀಕ್ಷೆ ದಂಡ ಅಂತಲ್ಲ. ಸರಿಯಾದ ಅನುಮಾನ ಇಟ್ಟುಕೊಂಡು ಮಾಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸುಲಭದ್ದು ಪ್ರಿಕ್ ಟೆಸ್ಟ್. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ನಂಬರ್ ಬರೆಯುತ್ತಾರೆ. ಪ್ರತಿ ನಂಬರಿನ ಪಕ್ಕ ಒಂದು ಹನಿ: ಧೂಳಿನ ಹುಳ, ಪರಾಗ, ಸೀಗಡಿ, ಅನುಮಾನ ಯಾವುದರ ಮೇಲಿದೆಯೋ ಅದು. ಹನಿಯ ಮೂಲಕ ಮೊನೆಯಿಂದ ಚರ್ಮವನ್ನು ಮೆಲ್ಲಗೆ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ. ಜೊತೆಗೆ ಬರೀ ಹಿಸ್ಟಮಿನ್ನಿನ ಒಂದು ಹನಿ, ಬರೀ ಸಲೈನಿನ ಒಂದು ಹನಿ ಇರಲೇಬೇಕು. ಹದಿನೈದರಿಂದ ಇಪ್ಪತ್ತು ನಿಮಿಷ ಕೈ ಚಾಚಿಕೊಂಡು, ಕೆರೆದುಕೊಳ್ಳದೆ ಕೂರಬೇಕು. ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದು, ಸಲೈನ್ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಹಿಸ್ಟಮಿನ್ ಜಾಗದಲ್ಲೇ ಗುಳ್ಳೆ ಬರದಿದ್ದರೆ ಟೆಸ್ಟ್ ಲೆಕ್ಕಕ್ಕಿಲ್ಲ, ನೀವು ಬಹುಶಃ ನೆಗಡಿ ಮಾತ್ರೆ ನುಂಗಿ ಬಂದಿದ್ದೀರಿ.

ಇನ್ನೂ ಚೂಪಾದ ಪರೀಕ್ಷೆಗಳು ಬಂದಿವೆ. ಇಡೀ ಕಡಲೆಕಾಯಿಗೆ ಬದಲು ಅದರೊಳಗಿನ ಒಂದೊಂದು ಪ್ರೋಟೀನಿಗೆ ಐಜಿಇ ಇದೆಯಾ ಅಂತ ನೋಡುವುದು ಅವುಗಳಲ್ಲೊಂದು. ‘ಅರಾ ಎಚ್ 2’ ಎಂಬ ಪ್ರೋಟೀನಿಗೆ ಪ್ರತಿಕಾಯ ಇದ್ದರೆ ನಿಜವಾದ ಅಲರ್ಜಿಯ ಸಂಭವ ಜಾಸ್ತಿ. ಪರಾಗದ ಪ್ರೋಟೀನಿಗೆ ಹೋಲುವ ಇನ್ನೊಂದಕ್ಕೆ ಮಾತ್ರ ಇದ್ದರೆ ತಿಂದಾಗ ಬಾಯಿ ಚುರುಗುಟ್ಟಿ ಮುಗಿಯಬಹುದು, ಏನೂ ಆಗದೆಯೂ ಇರಬಹುದು. ಇಷ್ಟಾದರೂ ಕೊನೆಯ ತೀರ್ಪು ತಿಂದು ನೋಡುವುದರಲ್ಲೇ ಇದೆ. ಆಸ್ಪತ್ರೆಯಲ್ಲಿ, ಅಲರ್ಜಿ ಉಲ್ಬಣಿಸಿದರೆ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆಟುಕುವ ಹಾಗೆ ಇಟ್ಟುಕೊಂಡು, ಚೂರು ಚೂರೇ ಪ್ರಮಾಣ ಏರಿಸುತ್ತಾ ತಿನ್ನಿಸುತ್ತಾರೆ. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಬೆನ್ನಿನ ಮೇಲೆ ನಾಲ್ಕು ದಿನ

ದಿನದ ಅಲರ್ಜಿಗೆ ಇರುವುದು ಪ್ಯಾಚ್ ಟೆಸ್ಟ್. ಜರ್ಮನ್ ಚರ್ಮವೈದ್ಯ ಯೋಸೆಫ್ ಯಾಡಸ್ಸೋನ್ 1895ರಲ್ಲಿ ಇದನ್ನು ತೋರಿಸಿಕೊಟ್ಟರು. ನೂರಮೂವತ್ತು ವರ್ಷ ಕಳೆದರೂ ವಿಧಾನದ ತಿರುಳು ಬದಲಾಗಿಲ್ಲ: ಅನುಮಾನದ ಪದಾರ್ಥವನ್ನು ಚರ್ಮಕ್ಕೆ ಅಂಟಿಸಿ, ಕಾಯಿ.

ನನಗೂ ಮಾಡಿದರು. ಬಟನ್ನಿನಷ್ಟು ದೊಡ್ಡ ಅಲ್ಯೂಮಿನಿಯಂ ಬಟ್ಟಲುಗಳ ಸಾಲು ಇರುವ ಅಂಟುಪಟ್ಟಿ. ಒಂದೊಂದು ಬಟ್ಟಲಲ್ಲೂ ವ್ಯಾಸಲೀನ್‌ನಲ್ಲಿ ಕಲಸಿದ ಒಂದೊಂದು ಪದಾರ್ಥ: ನಿಕ್ಕಲ್, ಸಿಮೆಂಟಿನಲ್ಲಿರುವ ಕ್ರೋಮಿಯಂ, ಹೇರ್ ಡೈನ ಪಿಪಿಡಿ, ಸೆಂಟು, ರಬ್ಬರಿನ ರಾಸಾಯನಿಕ, ಕಾಂಗ್ರೆಸ್ ಗಿಡದ ಸಾರ. ಭಾರತದಲ್ಲಿ ಜನಕ್ಕೆ ಹೆಚ್ಚಾಗಿ ತಗುಲುವಂಥವನ್ನು ಸೇರಿಸಿ ಮಾಡಿದ ‘ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್’ ಎಂಬ ಪಟ್ಟಿಯೇ ಇದೆ. ಬೆನ್ನಿಗೆ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿದರು. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರು ಬರುವ ಕೆಲಸ ಮಾಡುವಂತಿಲ್ಲ. ಏಪ್ರಿಲ್‌ನಲ್ಲಿ ಇದನ್ನು ಮಾಡಿಸಿಕೊಳ್ಳಬೇಡಿ ಅನ್ನುವುದು ನನ್ನ ಸ್ವಂತ ಸಲಹೆ.

48 ಗಂಟೆಗೆ ಪಟ್ಟಿ ತೆಗೆದು ನೋಡಿದರು. ಮತ್ತೆ ನಾಲ್ಕನೆಯ ದಿನ ಬರಹೇಳಿದರು. ಈ ಎರಡನೆಯ ಸಲ ನೋಡುವುದೇ ಮುಖ್ಯ, ಆದರೆ ಎಷ್ಟೋ ಜನ ರಜೆ ಸಿಗಲಿಲ್ಲ ಅಂತ ಬರುವುದಿಲ್ಲವಂತೆ. ಬರೀ ಉರಿಯಿಂದ ಎದ್ದ ಗುರುತು ಆ ಹೊತ್ತಿಗೆ ಮಾಸುತ್ತಾ ಬಂದಿರುತ್ತದೆ, ನಿಜವಾದ ಅಲರ್ಜಿಯದು ಇನ್ನೂ ಬಲಿತಿರುತ್ತದೆ. ನನ್ನ ನಿಕ್ಕಲ್ ಜಾಗ ಎರಡನೆಯ ದಿನ ಸುಮ್ನೆ ಕೆಂಪಗಿತ್ತು. ನಾಲ್ಕನೆಯ ದಿನ ಸಣ್ಣ ನೀರುಗುಳ್ಳೆಗಳು ಎದ್ದು ಕೈಗೆ ಗಡಸಾಗಿ ಸಿಗುತ್ತಿತ್ತು.

ಪಟ್ಟಿಯಲ್ಲಿದ್ದ ಕಾಂಗ್ರೆಸ್ ಗಿಡದ ಬಗ್ಗೆ ಎರಡು ಮಾತು ಹೇಳಲೇಬೇಕು. ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ನಮ್ಮಲ್ಲಿ ಖಾಲಿ ಸೈಟು, ಹೊಲದ ಬದು, ರೈಲು ಹಳಿ, ಎಲ್ಲೆಲ್ಲೂ ಅದೇ. ಅದನ್ನು ತಿನ್ನಲಿ ಅಂತ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದೂ ಆಯಿತು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ವರ್ಷಗಟ್ಟಲೆ ಹೊಲದಲ್ಲಿ ದುಡಿದವರ ಮುಖದ ಚರ್ಮ ದಪ್ಪಗಾಗಿ, ಕಪ್ಪಾಗಿ, ಗೆರೆಗಟ್ಟಿಬಿಡುತ್ತದೆ. ನೋಡಿದವರು ‘ಬಿಸಿಲಿಗೆ ಹಾಗಾಗಿದೆ’ ಅನ್ನುತ್ತಾರೆ. ಅನುಭವಿ ಡಾಕ್ಟರು ಏನು ಮಾಡುತ್ತಾರೆ ಗೊತ್ತಾ? ಗಲ್ಲ ಎತ್ತಿಸಿ ಗದ್ದದ ಕೆಳಗೆ ನೋಡುತ್ತಾರೆ, ಕಣ್ಣು ಮುಚ್ಚಿಸಿ ಮೇಲಿನ ರೆಪ್ಪೆ ನೋಡುತ್ತಾರೆ, ಕಿವಿಯ ಹಿಂದೆ ನೋಡುತ್ತಾರೆ. ಬಿಸಿಲು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ, ಗಾಳಿಯ ಪುಡಿ ಹೋಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ.

ಜಾಗ ನೋಡಿಯೇ ಅಪರಾಧಿಯನ್ನು ಊಹಿಸುವುದು ಈ ವಿದ್ಯೆಯ ಅರ್ಧ ಭಾಗ. ಗಾರೆ ಕೆಲಸದವರ ಕೈ ಒಡೆದು ಇಸುಬಾದರೆ ಸಿಮೆಂಟಿನ ಕ್ರೋಮಿಯಂ. ನೆತ್ತಿಗಿಂತ ಹೆಚ್ಚಾಗಿ ಕಿವಿ, ಹಣೆ, ಕಣ್ಣು ಊದಿದ್ದರೆ ಹೇರ್ ಡೈ. ಮದುವೆಮನೆಯ ‘ಕಪ್ಪು ಮೆಹಂದಿ’ಯಲ್ಲೂ ಅದೇ ಪಿಪಿಡಿ ಬೆರೆಸಿರುತ್ತಾರೆ. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ಒಂದು ರಾಸಾಯನಿಕ ಬರೀ ತುರಿಸಿ ಬಿಡುವುದಿಲ್ಲ, ಹಣೆಯ ಆ ಜಾಗವನ್ನು ಬೆಳ್ಳಗೆ ಮಾಡಿಬಿಡಬಲ್ಲದು. ಮನೆಯವರು ತೊನ್ನು ಅಂತ ಹೆದರಿ, ಸಂಬಂಧ ನೋಡುವುದನ್ನೇ ನಿಲ್ಲಿಸಿದ ಉದಾಹರಣೆ ನಮ್ಮ ಬಳಗದಲ್ಲೇ ಇದೆ.

ಪಿತ್ತದ ಗಂಧೆ

ಮೈಮೇಲೆ ಊದಿದ ದದ್ದುಗಳು ಏಳುವುದು, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವುದು. ಆರು ವಾರಕ್ಕಿಂತ ಜಾಸ್ತಿ ಇದ್ದರೆ ಅದನ್ನು ದೀರ್ಘಕಾಲದ್ದು ಅನ್ನುತ್ತಾರೆ. ಇಂಥವರೇ ಆಹಾರದ ಪಟ್ಟಿ ಹಿಡಿದು ಅತಿ ಹೆಚ್ಚು ಅಲೆಯುವವರು, ಆದರೆ ಇವರಲ್ಲಿ ಆಹಾರ ಕಾರಣವಾಗುವುದು ಅಪರೂಪ. ಬಹಳ ಸಲ ದೇಹದ ಸ್ವಂತ ಪ್ರತಿಕಾಯಗಳೇ ಮಾಸ್ಟ್ ಕೋಶವನ್ನು ಕೆಣಕುತ್ತಿರುತ್ತವೆ. ದೊಡ್ಡ ಪ್ಯಾಕೇಜಿನ ಅಗತ್ಯವಿಲ್ಲ, ಕೆಲವೇ ರಕ್ತಪರೀಕ್ಷೆ ಸಾಕು. ಡಾಕ್ಟರಿಗೆ ಬೇಕಾದ ಮುಖ್ಯ ಸುಳಿವನ್ನು ನೀವೇ ಕೊಡಬಹುದು: ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಟೈಮ್ ನೋಡಿಕೊಳ್ಳಿ. 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾದರೆ ಮಾಮೂಲಿ ಗಂಧೆ. ಅಲ್ಲೇ ಉಳಿದು, ನೋವಾಗಿ, ಕಂದು ಕಲೆ ಬಿಟ್ಟರೆ ರಕ್ತನಾಳದ ಉರಿಯೂತ ಇರಬಹುದು, ಆಗ ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು, ಬೇಕಾಗುತ್ತದೆ.

ಹೊರಗಿನ ಶತ್ರುವೇ ಇಲ್ಲದಾಗ

ಕೆಲವು ಕಾಯಿಲೆಗಳಲ್ಲಿ ನಿಕ್ಕಲೂ ಇಲ್ಲ, ಸೀಗಡಿಯೂ ಇಲ್ಲ. ದೇಹ ತನ್ನ ಚರ್ಮದ ಮೇಲೆಯೇ ಮುಗಿಬೀಳುತ್ತದೆ. ಪೆಂಫಿಗಸ್ ಅಂಥದ್ದು. ಚರ್ಮದ ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಡೆಸ್ಮೊಗ್ಲೈನ್ ಎಂಬ ಪ್ರೋಟೀನಿನ ಮೇಲೆ ಪ್ರತಿಕಾಯಗಳು ಏರಿ ಹೋಗುತ್ತವೆ. ಗಾರೆ ಕಿತ್ತ ಇಟ್ಟಿಗೆ ಗೋಡೆಯಂತೆ ಕೋಶಗಳು ಬಿಡಿಬಿಡಿಯಾಗಿ, ಮೆತ್ತನೆಯ ಬೊಕ್ಕೆಗಳು ಎದ್ದು ಒಡೆಯುತ್ತವೆ. ಎಷ್ಟೋ ಜನರಲ್ಲಿ ಶುರುವಾಗುವುದು ಬಾಯಿಹುಣ್ಣಿನಿಂದ. ಉಷ್ಣ ಅಂತ ಎಳನೀರು, ಬಿ ಕಾಂಪ್ಲೆಕ್ಸ್ ಕೊಡುತ್ತಾ ತಿಂಗಳುಗಳೇ ಕಳೆಯುತ್ತವೆ.

ಇಲ್ಲಿ ಪತ್ತೆಯ ಕೀಲಿ ಬಯಾಪ್ಸಿಯಲ್ಲಿದೆ, ಅದೂ ಎರಡು ತುಣುಕು. ಮೊದಲನೆಯದನ್ನು ಹೊಸ ಬೊಕ್ಕೆಯಿಂದ ತೆಗೆದು ಫಾರ್ಮಲಿನ್‌ಗೆ ಹಾಕುತ್ತಾರೆ. ಎರಡನೆಯದನ್ನು ಬೊಕ್ಕೆಯ ಪಕ್ಕದ, ನೋಡಲು ಚೆನ್ನಾಗಿಯೇ ಇರುವ ಚರ್ಮದಿಂದ ತೆಗೆಯಬೇಕು. ಅದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಲಸ ಕೆಟ್ಟಿತು, ಹುಡುಕಬೇಕಾದ ಪ್ರತಿಕಾಯಗಳೇ ಹಾಳಾಗುತ್ತವೆ. ಮೈಕೆಲ್ಸ್ ಎಂಬ ದ್ರಾವಣದಲ್ಲಿ ಕಳಿಸಬೇಕು. ಒಂದು ದಿನದೊಳಗೆ ಲ್ಯಾಬ್ ಮುಟ್ಟುವುದಾದರೆ ಸಾದಾ ಸಲೈನ್ ಆದರೂ ನಡೆಯುತ್ತದೆ. ಅಲ್ಲಿ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಸುರಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಹಿನ್ನೆಲೆಯಲ್ಲಿ ಹಸಿರು ಮೀನಿನ ಬಲೆ ಹರಡಿದ ಹಾಗೆ ಕಾಣುತ್ತದೆ. ಅದು ಪೆಂಫಿಗಸ್. ಬಲೆಯ ಬದಲು ಒಂದೇ ಹಸಿರು ಗೆರೆ ಎಳೆದಂತಿದ್ದರೆ ಪೆಂಫಿಗಾಯ್ಡ್ ಗುಂಪಿನ ಬೇರೆ ಕಾಯಿಲೆ, ಬೇರೆ ಚಿಕಿತ್ಸೆ. ಪೆಂಫಿಗಸ್‌ನಲ್ಲಿ ಈ ಪ್ರತಿಕಾಯ ಇದೆ ಎಂದು ಅಮೆರಿಕದ ಬಫಲೋದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ತೋರಿಸಿದ್ದು 1964ರಲ್ಲಿ. ಸಣ್ಣ ಊರುಗಳಲ್ಲಿ ಇವತ್ತಿಗೂ ಎಡವಟ್ಟಾಗುವುದು ಆ ಎರಡನೆಯ ತುಣುಕು ಯಾವ ಸೀಸೆಗೆ ಬಿತ್ತು ಎಂಬಲ್ಲಿ.

ಲೂಪಸ್ ಕೂಡ ದೇಹ ತನ್ನ ಮೇಲೆಯೇ ಮುಗಿಬೀಳುವ ಕಾಯಿಲೆ. ಅದರ ಅನುಮಾನಕ್ಕೆ ಬರೆಯುವ, ಕೋಶದ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಎಂಬ ರಕ್ತಪರೀಕ್ಷೆಗೂ ಮೇಲಿನ ಐಜಿಇ ಕತೆಯೇ. 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯವಾಗಿಯೇ ಇದ್ದವರ ಪೈಕಿ ಶೇ. 31.7ರಷ್ಟು ಮಂದಿಗೆ 1:40 ಮಟ್ಟದಲ್ಲಿ (ಅಂದರೆ ರಕ್ತದ ಸೀರಮ್ಮನ್ನು ನಲವತ್ತು ಪಟ್ಟು ತೆಳುಮಾಡಿದಾಗಲೂ) ಪಾಸಿಟಿವ್ ಬಂದಿತ್ತು, 1:160ರಲ್ಲಿ ಶೇ. 5. ಕೆನ್ನೆಯ ಮೇಲಿನ ಕೆಂಪು, ಕೀಲುನೋವು, ಮೂತ್ರದಲ್ಲಿ ಪ್ರೋಟೀನ್ ಇವೆಲ್ಲ ಜೊತೆಗಿದ್ದರೆ ಆ ರಿಪೋರ್ಟಿಗೆ ತೂಕ. ಸುಮ್ಮನೆ ಸುಸ್ತು ಅಂತ ಮಾಡಿಸಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಕೂತರೆ ನಿದ್ದೆ ಮಾತ್ರ ಹೋಗುತ್ತದೆ.

ನಮ್ಮ ಮೈಬಣ್ಣ, ನಮ್ಮ ಟ್ಯೂಬು

ಇನ್ನೆರಡು ತೊಡಕು ಇವೆ. ಬಹುಪಾಲು ಪಠ್ಯಪುಸ್ತಕದ ಚಿತ್ರಗಳು ಬಿಳಿ ಚರ್ಮದವು. ಅಲ್ಲಿ ಉರಿಯೂತ ಅಂದರೆ ಕೆಂಪು. ನಮ್ಮ ಕಂದು, ಎಣ್ಣೆಗಪ್ಪು ಮೈಯಲ್ಲಿ ಅದೇ ಉರಿಯೂತ ನೇರಳೆಯಾಗಿ, ಬೂದುಬಣ್ಣವಾಗಿ, ಗಾಢ ಕಂದಾಗಿ ಕಾಣುತ್ತದೆ. ಇಸುಬು ಬಯಲಾಗಿ ಹರಡುವ ಬದಲು ರೋಮದ ಬುಡದಲ್ಲಿ ಸಣ್ಣ ಹರಳಿನಂತೆ ಏಳುತ್ತದೆ. ಕೆಂಪನ್ನೇ ಹುಡುಕುವ ಕಣ್ಣಿಗೆ ಕಾಯಿಲೆ ಹಗುರವಾಗಿ ಕಾಣುತ್ತದೆ. ಬೆರಳಾಡಿಸಿ ಬಿಸಿ, ಊತ, ಒರಟು ನೋಡುವುದು ಇಲ್ಲಿ ಹೆಚ್ಚು ನಂಬಿಕೆಯ ದಾರಿ.

ಎರಡನೆಯದು ಮೆಡಿಕಲ್ ಶಾಪಿನ ಆ ಟ್ಯೂಬ್. ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮ್. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ಸ್ಟೀರಾಯ್ಡ್‌ನಿಂದ ನವೆ ತಕ್ಷಣ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ. ದುಂಡನೆಯ ಅಂಚು ಅಳಿಸಿಹೋಗಿ, ಇಸುಬಿನ ಹಾಗೆ, ಕೆಲವೊಮ್ಮೆ ಸೋರಿಯಾಸಿಸ್ ಹಾಗೆ ಕಾಣತೊಡಗುತ್ತದೆ. ಆಗ ಡಾಕ್ಟರೂ ಮೋಸಹೋಗುತ್ತಾರೆ. ಅಂಚನ್ನು ಬ್ಲೇಡಿನಿಂದ ಕೆರೆದು, ಆ ಪುಡಿಯ ಮೇಲೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ಸಿನ ಎಳೆಗಳು ಸಿಗುತ್ತವೆ. ಹತ್ತು ಹದಿನೈದು ನಿಮಿಷದ ಕೆಲಸ.

ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಫೈಲಿಗಿಂತ ಬೇರೆ ಸಾಮಾನು ಜಾಸ್ತಿ ಬೇಕು. ದದ್ದು ಎದ್ದಾಗಲೇ ಕಿಟಕಿ ಬೆಳಕಿನಲ್ಲಿ ತೆಗೆದ ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಏನು ತಿಂದು, ಏನು ಹಚ್ಚಿ, ಎಷ್ಟು ಹೊತ್ತಿಗೆ ಬಂತು ಎಂಬ ಒಂದು ಚೀಟಿ. ಪ್ರಿಕ್ ಟೆಸ್ಟ್ ಇದ್ದರೆ ನೆಗಡಿ, ತುರಿಕೆಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಪ್ಯಾಚ್ ಟೆಸ್ಟ್‌ಗೆ ಅಡ್ಡಿ ಮಾಡುವುದು ಬೆನ್ನಿಗೆ ಹಚ್ಚಿದ ಸ್ಟೀರಾಯ್ಡ್ ಕ್ರೀಮ್. ಇಲ್ಲಿಯವರೆಗೆ ಬಳಸಿದ ಟ್ಯೂಬುಗಳನ್ನು, ಮುಗಿದು ಚಪ್ಪಟೆಯಾಗಿದ್ದರೂ, ಎಸೆಯಬೇಡಿ. ಹೇರ್ ಡೈ ಪ್ಯಾಕೆಟ್ಟು, ಬೊಟ್ಟಿನ ಚೀಟಿ, ಕೈಗವಸು, ವಾಚಿನ ಪಟ್ಟಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಬೆಲ್ಟ್ ಹೇಗೂ ಸೊಂಟದಲ್ಲೇ ಇರುತ್ತದೆ.